ಐಮಂಗಲದ ಹಸಿರುಕಲ್ಲಿನಲ್ಲಿ ಪೊಟ್ಯಾಷ್ ಇಷ್ಟೊಂದು ಏಕೆ?

ಭೀಮಸಮುದ್ರ

ಎಲ್ಲರಿಗೂ ನಮಸ್ಕಾರ. ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಈಗ ಭೂವಿಜ್ಞಾನದ ಸ್ನಾತಕೋತ್ತರ ತರಗತಿಯಲ್ಲಿದ್ದೇನೆ. ಕಿರು ಸಂಶೋಧನೆಗೆ ಚಿತ್ರದುರ್ಗ ಜಿಲ್ಲೆಯ ಲಾವಾಶಿಲೆಗಳನ್ನೇ ಆರಿಸಿಕೊಂಡಿದ್ದೇನೆ. ಮರಡಿಹಳ್ಳಿಯ ಪಿಲ್ಲೋ ಲಾವಾ (ನೀರಿನೊಳಗೆ ದಿಂಬಿನಂಥ ಉಂಡೆಗಳಾಗಿ ಹೆಪ್ಪುಗಟ್ಟಿದ ಲಾವಾ) ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಅಲ್ಲಿ ಕೈ ಹಾಕಿಲ್ಲ. ಅದರಾಚೆ ಐಮಂಗಲದ ಕಡೆ ಹೊಲಗಳ ಅಂಚಿನಲ್ಲಿ ಸಿಕ್ಕ ಎರಡು ಕಲ್ಲುಗಳ ಬಗ್ಗೆ ಕೇಳಬೇಕಿದೆ.

ಕಲ್ಲು ‘ಎ’ ಹಸಿರು ಛಾಯೆಯದು, ನೆಲಕ್ಕೆ ಅಂಟಿಕೊಂಡಿದ್ದ ಬಂಡೆಯಿಂದ ಒಡೆದದ್ದು. ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಧಾತುಗಳನ್ನು ಅಳೆಯುವ ವಿಧಾನ) ವರದಿ ಹೀಗಿದೆ, ತೂಕದ ಶೇಕಡಾವಾರು: ಸಿಲಿಕಾ 49.2, ಟೈಟಾನಿಯಂ ಆಕ್ಸೈಡ್ 0.9, ಅಲ್ಯೂಮಿನಾ 14.2, ಒಟ್ಟು ಕಬ್ಬಿಣ ಫೆರಿಕ್ ಆಕ್ಸೈಡ್ ರೂಪದಲ್ಲಿ 12.1, ಮ್ಯಾಂಗನೀಸ್ ಆಕ್ಸೈಡ್ 0.2, ಮೆಗ್ನೀಷಿಯಾ 6.8, ಸುಣ್ಣ 7.4, ಸೋಡಾ 3.6, ಪೊಟ್ಯಾಷ್ 1.9, ರಂಜಕ 0.1, ಸುಟ್ಟಾಗಿನ ನಷ್ಟ (ಕಾಯಿಸಿದಾಗ ಹಾರಿಹೋಗುವ ನೀರು, ಅನಿಲಗಳ ತೂಕ) 4.1. ಲೇಶಧಾತುಗಳು ದಶಲಕ್ಷಕ್ಕೆ ಇಷ್ಟು: ಜಿರ್ಕೋನಿಯಂ 60, ಇಟ್ರಿಯಂ 20, ನಿಯೋಬಿಯಂ 3.

ಸಿಲಿಕಾ ಮತ್ತು ಕ್ಷಾರಗಳ (ಸೋಡಾ, ಪೊಟ್ಯಾಷ್) ನಕ್ಷೆಯಲ್ಲಿ ಇದನ್ನು ಗುರುತಿಸಿದರೆ ಕ್ಷಾರ ಹೆಚ್ಚಿರುವ ಟ್ರಾಕಿಬಸಾಲ್ಟ್ ಮನೆಯಲ್ಲಿ ಹೋಗಿ ಕೂರುತ್ತದೆ. ನಮ್ಮ ಭಾಗದ್ದು ಕ್ಷಾರ ಕಡಿಮೆಯಿರುವ ಥೋಲಿಯೈಟ್ ಬಸಾಲ್ಟ್ ಎಂದು ಓದಿದ್ದೇನೆ. ಹಾಗಾದರೆ ಇಲ್ಲಿ ಕ್ಷಾರೀಯ ಶಿಲಾಪಾಕವೂ (ಕರಗಿದ ಕಲ್ಲು) ಉಕ್ಕಿತ್ತೇ?

ಕಲ್ಲು ‘ಬಿ’ ಕಪ್ಪು, ಗುಂಡಗಿದೆ. ಅದರ ಪೂರ್ಣ ವಿಶ್ಲೇಷಣೆ ಇನ್ನೂ ಆಗಿಲ್ಲ, ತೆಳುಛೇದ (ಸೂಕ್ಷ್ಮದರ್ಶಕದಲ್ಲಿ ನೋಡಲು ತೆಳ್ಳಗೆ ಅರೆದ ಕಲ್ಲಿನ ಹಾಳೆ) ಮಾತ್ರ ಮಾಡಿಸಿದ್ದೇನೆ. ಅದರಲ್ಲಿ ಪೈರಾಕ್ಸೀನ್ ಎಂಬ ಖನಿಜ ಒಂದಿಷ್ಟೂ ಕೆಡದೆ ಉಳಿದಿದೆ. ಇದು ಪಿಲ್ಲೋ ಲಾವಾದ ಮೂಲ ಖನಿಜ ಎಂದು ಬರೆಯಬಹುದೇ?

ಜೋಗಿಮಟ್ಟಿ ಗಾಳಿ

ಒಳ್ಳೆಯ ವಿಷಯ ಎತ್ತಿದ್ದೀರಿ. ಜೋಗಿಮಟ್ಟಿಯೇ ನಂದಿಹೋದ ಜ್ವಾಲಾಮುಖಿ ಎಂದು ಚಾರಣಕ್ಕೆ ಬಂದವರಿಗೆಲ್ಲ ನಾನು ಹೇಳುತ್ತಾ ಬಂದಿದ್ದೇನೆ. ಮೇಲೆ ನಿಂತು ನೋಡಿದರೆ ಸುತ್ತಲ ಗುಡ್ಡಗಳೆಲ್ಲ ಅದರ ಬಾಯಿಯ ಅಂಚಿನಂತೆ ಕಾಣುತ್ತವೆ. ಅಲ್ಲಿಂದ ಹರಿದ ಲಾವಾ ಮರಡಿಹಳ್ಳಿಯವರೆಗೆ ಬಂದಿರಬೇಕು.

ಹಳೆ ಸುತ್ತಿಗೆ

ಗಾಳಿಯವರೇ, ಚಾರಣಕ್ಕೆ ಬಂದವರಿಗೆ ಇನ್ನು ಮುಂದೆ ಹಾಗೆ ಹೇಳಬೇಡಿ. ಆ ಲಾವಾ ಹೊರಬಿದ್ದು 250 ಕೋಟಿ ವರ್ಷಕ್ಕೂ ಹೆಚ್ಚಾಗಿದೆ. ಚಿತ್ರದುರ್ಗ ಪಟ್ಟಿಯ (ಈ ಹಳೆಯ ಲಾವಾಶಿಲೆಗಳ ಉದ್ದನೆಯ ಸಾಲು) ಬಸಾಲ್ಟುಗಳಿಗೆ ವಿಕಿರಣಕ್ಷಯದಿಂದ ವಯಸ್ಸು ಅಳೆಯುವ ಸಮೇರಿಯಂ-ನಿಯೋಡಿಮಿಯಂ ವಿಧಾನ ಕೊಡುವ ವಯಸ್ಸು ಸುಮಾರು 275 ಕೋಟಿ. ಅಂದಿನ ಜ್ವಾಲಾಮುಖಿಯ ಬಾಯಿ ಇಂದು ಗುಡ್ಡದ ತುದಿಯಲ್ಲಿ ಬಟ್ಟಲಿನಂತೆ ಉಳಿದಿರಲು ಸಾಧ್ಯವೇ ಇಲ್ಲ. ಸಮುದ್ರದ ತಳದಲ್ಲಿ ಹಾಸಿಕೊಂಡ ಲಾವಾ ಆಮೇಲೆ ಹೂತುಹೋಯಿತು, ಮಡಿಕೆ ಬಿದ್ದಿತು, ಕಡಿದಾಗಿ ಎದ್ದು ನಿಂತಿತು, ಅದರ ಮೇಲಿನ ಕಿಲೋಮೀಟರುಗಟ್ಟಲೆ ಕಲ್ಲು ಸವೆದು ಹೋಯಿತು. ಇವತ್ತಿನ ಗುಡ್ಡ ಎಂದರೆ ಮಳೆ ಬಿಸಿಲಿಗೆ ಬಗ್ಗದೆ ಉಳಿದ ಗಟ್ಟಿ ಕಲ್ಲು, ಅಷ್ಟೇ. ಕೋಟೆಯ ಬಂಡೆಗಳನ್ನೂ ಲಾವಾ ಎನ್ನುವವರಿದ್ದಾರೆ. ಅದು ಗ್ರಾನೈಟ್, ನೆಲದ ಆಳದಲ್ಲೇ ನಿಧಾನವಾಗಿ ಹೆಪ್ಪುಗಟ್ಟಿದ್ದು, ಗಾಳಿ ಬೆಳಕು ಕಂಡದ್ದು ಬಹಳ ತಡವಾಗಿ.

ಭೀಮಸಮುದ್ರ, ನೋಡಮ್ಮಾ, ನಿನ್ನ ವರದಿಯಲ್ಲಿ ನಾನು ಮೊದಲು ಓದುವುದು ಪೊಟ್ಯಾಷನ್ನಲ್ಲ, ಕೊನೆಯ ಸಾಲನ್ನು. ಸುಟ್ಟಾಗಿನ ನಷ್ಟ 4.1. ತಾಜಾ ಬಸಾಲ್ಟಿನಲ್ಲಿ ಅದು ಸಾಮಾನ್ಯವಾಗಿ 1ರ ಆಸುಪಾಸಿನಲ್ಲಿರುತ್ತದೆ. ನಿನ್ನ ಕಲ್ಲು ನೀರನ್ನೂ ಪ್ರಾಯಶಃ ಇಂಗಾಲದ ಡೈ ಆಕ್ಸೈಡನ್ನೂ ಒಳಗೆ ಬಿಟ್ಟುಕೊಂಡಿದೆ. ಬಾಗಿಲು ತೆರೆದಿದ್ದ ಮನೆಯಿಂದ ಸೋಡಾ, ಪೊಟ್ಯಾಷ್, ರುಬಿಡಿಯಂ, ಬೇರಿಯಂ, ಸ್ಟ್ರಾನ್ಷಿಯಂ ಎಲ್ಲವೂ ಬಂದಿವೆ, ಹೋಗಿವೆ. ಸಿಲಿಕಾ-ಕ್ಷಾರ ನಕ್ಷೆ ಮಾಡಿದ್ದು ತಾಜಾ ಲಾವಾಗಳಿಗೆ. ಹಸಿರು ತಿರುಗಿದ ಕಲ್ಲನ್ನು ಅದರಲ್ಲಿ ಕೂರಿಸಬಾರದು ಎಂದು ನಕ್ಷೆಯ ನಿಯಮದಲ್ಲೇ ಇದೆ, ಓದುವವರು ಕಡಿಮೆ.

ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂ, ನಿಯೋಬಿಯಂ ಇವು ಸುಲಭಕ್ಕೆ ಕದಲುವುದಿಲ್ಲ. ಲೆಕ್ಕ ಹಾಕು: 0.9 ಶೇಕಡಾ ಟೈಟಾನಿಯಂ ಆಕ್ಸೈಡ್ ಎಂದರೆ ಟೈಟಾನಿಯಂ ದಶಲಕ್ಷಕ್ಕೆ ಸುಮಾರು 5,400. ಜಿರ್ಕೋನಿಯಂ ಭಾಗಿಸು ಟೈಟಾನಿಯಂ 0.011. ನಿಯೋಬಿಯಂ ಭಾಗಿಸು ಇಟ್ರಿಯಂ 0.15. ಕ್ಷಾರೀಯ ಬಸಾಲ್ಟ್ ಆಗಬೇಕಿದ್ದರೆ ಎರಡನೆಯ ಸಂಖ್ಯೆ 0.7ರ ಹತ್ತಿರ ಅಥವಾ ಅದಕ್ಕೂ ಮೇಲಿರಬೇಕು. ನಿನ್ನದು ಶುದ್ಧ ಉಪಕ್ಷಾರೀಯ (ಕ್ಷಾರ ಕಡಿಮೆಯಿರುವ) ಬಸಾಲ್ಟ್. ಟ್ರಾಕಿಬಸಾಲ್ಟನ್ನು ಮರೆತುಬಿಡು.

ಭೀಮಸಮುದ್ರ

ಧನ್ಯವಾದ ಸರ್. ಆದರೆ ಪೊಟ್ಯಾಷ್ ಎಲ್ಲಿಂದಲೋ ಬಂದಿರಲೇಬೇಕಲ್ಲವೇ? ಸಮುದ್ರದ ನೀರಿನಿಂದಲೇ?

ಹಳೆ ಸುತ್ತಿಗೆ

ಎರಡು ದಾರಿ. ಸಮುದ್ರದ ತಣ್ಣೀರು ಲಾವಾದ ಗಾಜಿನಂಥ ಹೊರಪದರದೊಂದಿಗೆ ಬೆರೆತಾಗ ಪೊಟ್ಯಾಷ್ ಕಲ್ಲಿಗೆ ಸೇರುತ್ತದೆ. ಅದೇ ನೀರು ಬಿಸಿಯಾಗಿ ಆಳದಲ್ಲಿ ಸುತ್ತಿದರೆ ಪೊಟ್ಯಾಷನ್ನು ಕಿತ್ತುಕೊಂಡು ಸೋಡಾ ಬಿಟ್ಟುಹೋಗುತ್ತದೆ. ಇನ್ನೊಂದು ದಾರಿ, ಆಮೇಲೆ ನುಗ್ಗಿದ ಗ್ರಾನೈಟಿನ ದ್ರವಗಳು. ತೆಳುಛೇದದಲ್ಲಿ ಕಂದು ಬಯೋಟೈಟ್ ಕಂಡರೆ ಎರಡನೆಯದನ್ನೇ ನಾನು ಮೊದಲು ಅನುಮಾನಿಸುತ್ತೇನೆ.

ಸೋಡಾ ಹೆಚ್ಚಿದ ಇಂಥ ಬಸಾಲ್ಟುಗಳಿಗೆ ಸ್ಪಿಲೈಟ್ ಎಂಬ ಹೆಸರಿದೆ. 20ನೇ ಶತಮಾನದ ಆರಂಭದಲ್ಲಿ ದೊಡ್ಡ ದೊಡ್ಡ ವಿದ್ವಾಂಸರೇ ಸ್ಪಿಲೈಟಿಗೆ ಪ್ರತ್ಯೇಕ ಶಿಲಾಪಾಕವೇ ಇದೆ ಎಂದು ವಾದಿಸಿದ್ದರು. ಸಮುದ್ರತಳದ ಕಲ್ಲುಗಳನ್ನು ಮೇಲೆತ್ತಿ ನೋಡಿದ ಮೇಲೆ ಅದು ಸಾಧಾರಣ ಬಸಾಲ್ಟಿಗೆ ಉಪ್ಪುನೀರು ಮಾಡಿದ ಕೆಲಸ ಎಂದು ಒಪ್ಪಬೇಕಾಯಿತು. ಹಾಗಾಗಿ ನಿನ್ನ ಸಂದೇಹಕ್ಕೆ ಒಳ್ಳೆಯ ವಂಶಾವಳಿಯೇ ಇದೆ.

ಬಾತಿ ಗುಡ್ಡ

ದಾವಣಗೆರೆಯಿಂದ ವಾಣಿಜ್ಯದ ಉಪನ್ಯಾಸಕ. ವಿಜ್ಞಾನ ಬಿಟ್ಟು ಬಹಳ ಕಾಲವಾಯಿತು, ಆದರೂ ಕುತೂಹಲ. ಭೂಮಿಯ ಒಳಗೆಲ್ಲ ಲಾವಾ ತುಂಬಿದೆ ಎಂದು ಶಾಲೆಯಲ್ಲಿ ಕಲಿತೆವು. ಒಂದೇ ಕಡಾಯಿಯಿಂದ ಬಂದದ್ದಾದರೆ ಎಲ್ಲೆಡೆ ಒಂದೇ ಕಲ್ಲಾಗಬೇಕಿತ್ತಲ್ಲ? ಮತ್ತೆ, ವಿಜಯಪುರ ಬೆಳಗಾವಿ ಕಡೆಯ ಕಪ್ಪು ಕಲ್ಲೂ ಇದೇ ಅಲ್ಲವೇ?

ತೆಳು ಛೇದ

ಎರಡನೆಯದಕ್ಕೆ ಚಿಕ್ಕ ಉತ್ತರ: ಅಲ್ಲ. ಅದು ಡೆಕ್ಕನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷದ್ದು, ನೆಲದ ಮೇಲೆ ಹಾಸು ಹಾಸಾಗಿ ಹರಿದದ್ದು, ಇವತ್ತಿಗೂ ಬಹುಮಟ್ಟಿಗೆ ಮಟ್ಟಸವಾಗಿಯೇ ಮಲಗಿದೆ. ನಮ್ಮದು ಅದಕ್ಕಿಂತ ಸುಮಾರು ನಲವತ್ತು ಪಟ್ಟು ಹಳೆಯದು. ಉಡುಪಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಮೂರನೆಯದೇ ಸಂಗತಿ, ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ ಸಿಲಿಕಾ ಹೆಚ್ಚಿರುವ ಲಾವಾ.

ಮೊದಲನೆಯದಕ್ಕೆ ಕೊಂಚ ಬಿಡಿಸಿ ಹೇಳುತ್ತೇನೆ. ಮ್ಯಾಂಟಲ್, ಎಂದರೆ ಭೂಮಿಯ ತೊಗಟೆಯ ಕೆಳಗಿನ ದಪ್ಪ ಪದರ, ದ್ರವವಲ್ಲ, ಗಟ್ಟಿ ಕಲ್ಲು. ಪೆರಿಡೊಟೈಟ್ ಎನ್ನುತ್ತೇವೆ, ಅದರಲ್ಲಿ ಹೆಚ್ಚಿನ ಪಾಲು ಆಲಿವೀನ್. ಅದು ಕರಗಲು ಮೂರು ಕಾರಣಗಳು: ಆಳದ ಬಿಸಿ ಕಲ್ಲು ಮೇಲೇರಿ ಅದರ ಮೇಲಿನ ಒತ್ತಡ ಇಳಿಯಬೇಕು, ಅಥವಾ ನೀರು ಸೇರಿ ಕರಗುವ ತಾಪ ತಗ್ಗಬೇಕು, ಅಥವಾ ಕೆಳಗಿನಿಂದ ಹೆಚ್ಚುವರಿ ಶಾಖ ಬರಬೇಕು. ಕರಗಿದರೂ ಪೂರ್ತಿ ಕರಗುವುದಿಲ್ಲ. ಶೇಂಗಾ ಚಿಕ್ಕಿಯನ್ನು ಬಿಸಿಗಿಟ್ಟರೆ ಬೆಲ್ಲ ಮೊದಲು ಇಳಿಯುತ್ತದೆ, ಶೇಂಗಾ ಹಾಗೇ ಕೂತಿರುತ್ತದೆ. ಇಳಿದದ್ದರ ರುಚಿ ಚಿಕ್ಕಿಯದಲ್ಲ, ಬೆಲ್ಲದ್ದು. ಪೆರಿಡೊಟೈಟಿನ 10ರಿಂದ 20 ಶೇಕಡಾ ಕರಗಿದರೆ ಬಸಾಲ್ಟ್ ಸಿಗುತ್ತದೆ. ತೀರಾ ಕಡಿಮೆ ಕರಗಿದರೆ ಕ್ಷಾರಗಳು ಅದರಲ್ಲೇ ಸಾಂದ್ರವಾಗಿ ಕ್ಷಾರೀಯ ಬಸಾಲ್ಟ್. ಎಷ್ಟು ಆಳದಲ್ಲಿ, ಎಷ್ಟು ಪಾಲು, ಒಣ ಕಲ್ಲೋ ಒದ್ದೆ ಕಲ್ಲೋ ಎಂಬುದರ ಮೇಲೆ ಮೇಲೆ ಬರುವ ದ್ರವದ ಗುಣ ನಿಂತಿದೆ. ಮೇಲೆ ಬರುವ ದಾರಿಯಲ್ಲೂ ಅದು ಸುಮ್ಮನಿರುವುದಿಲ್ಲ, ಹರಳುಗಳನ್ನು ಉದುರಿಸುತ್ತಾ ಬದಲಾಗುತ್ತದೆ.

ಭೀಮಸಮುದ್ರದವರ ‘ಎ’ ಕಲ್ಲಿನಲ್ಲೇ ಇದನ್ನು ನೋಡಬಹುದು. 12.1 ಫೆರಿಕ್ ಆಕ್ಸೈಡ್ ಎಂದರೆ 10.9 ಫೆರಸ್ ಆಕ್ಸೈಡ್. ಮೆಗ್ನೀಷಿಯಾ 6.8. ಎರಡನ್ನೂ ಅಣುತೂಕದಿಂದ ಭಾಗಿಸಿ ಮೆಗ್ನೀಷಿಯಂನ ಪಾಲು ತೆಗೆದರೆ ನೂರಕ್ಕೆ 53. ಆಲಿವೀನಿಗೂ ಅದು ಮುಳುಗಿರುವ ದ್ರವಕ್ಕೂ ನಡುವೆ ಕಬ್ಬಿಣ ಮತ್ತು ಮೆಗ್ನೀಷಿಯಂ ಹಂಚಿಕೆಯ ಅನುಪಾತ ಸುಮಾರು 0.30 ಎಂದು 1970ರಿಂದ ತಿಳಿದಿದೆ. ಆ ಪ್ರಕಾರ ಈ ದ್ರವದಿಂದ ಹುಟ್ಟುವ ಆಲಿವೀನ್ ಫೋರ್ಸ್ಟರೈಟ್ 79, ಎಂದರೆ ಮೆಗ್ನೀಷಿಯಂನ ಪಾಲು ನೂರಕ್ಕೆ 79, ಆಗಿರಬೇಕು. ಮ್ಯಾಂಟಲಿನ ಆಲಿವೀನ್ ಫೋರ್ಸ್ಟರೈಟ್ 90. ಅದರೊಂದಿಗೆ ಸಮತೋಲದಲ್ಲಿದ್ದ ದ್ರವಕ್ಕೆ 53 ಅಲ್ಲ, 73ರ ಹತ್ತಿರದ ಸಂಖ್ಯೆ ಇರಬೇಕಿತ್ತು. ಎಂದರೆ ಇದು ಮ್ಯಾಂಟಲಿನಿಂದ ನೆಟ್ಟಗೆ ಮೇಲೆ ಬಂದ ಲಾವಾ ಅಲ್ಲ. ನಡುವೆ ಎಲ್ಲೋ ತಂಗಿ, ಆಲಿವೀನನ್ನೂ ಬಹುಶಃ ಪೈರಾಕ್ಸೀನನ್ನೂ ಕೆಳಗೆ ಬಿಟ್ಟು ಬಂದದ್ದು. ಮೆಗ್ನೀಷಿಯಂ ಕೂಡ ಬಿಸಿನೀರಿನಲ್ಲಿ ಅಲ್ಪಸ್ವಲ್ಪ ಕದಲುತ್ತದೆ ಎಂಬ ಎಚ್ಚರಿಕೆಯೊಂದಿಗೆ ಇದನ್ನು ಓದಿಕೊಳ್ಳಿ.

ಬಾತಿ ಗುಡ್ಡ

ಚಿಕ್ಕಿ ಅರ್ಥವಾಯಿತು, 0.30 ಅರ್ಥವಾಗಲಿಲ್ಲ. ಪರವಾಗಿಲ್ಲ, ಮುಂದುವರಿಸಿ.

ಭೀಮಸಮುದ್ರ

ಸರ್, ನನ್ನ ‘ಎ’ ತೆಳುಛೇದದಲ್ಲಿ ಆಲಿವೀನೂ ಇಲ್ಲ, ಪೈರಾಕ್ಸೀನೂ ಇಲ್ಲ. ಹಸಿರು ಹಸಿರಾದ ಎಳೆಗಳು, ಅಲ್ಲಲ್ಲಿ ಪಿಸ್ತಾ ಬಣ್ಣದ ಕಾಳುಗಳು, ಮಸುಕಾದ ಪ್ಲೇಜಿಯೋಕ್ಲೇಸ್. ಎಲೆಕ್ಟ್ರಾನ್ ಮೈಕ್ರೋಪ್ರೋಬಿನಲ್ಲಿ (ಹರಳಿನ ಒಂದೊಂದು ಬಿಂದುವಿನ ರಾಸಾಯನಿಕ ಅಳತೆ ಕೊಡುವ ಯಂತ್ರ) ಕೆಲವು ಬಿಂದುಗಳನ್ನು ಅಳೆಯಲು ಅವಕಾಶ ಸಿಕ್ಕಿತ್ತು. ಒಂದು ಹಸಿರು ಖನಿಜದ ಒಟ್ಟು ಮೊತ್ತ 87.4, ಇನ್ನೊಂದರದು 97.6. ನೂರು ಬರಬೇಕಲ್ಲವೇ? ಯಂತ್ರದ ಹೊಂದಾಣಿಕೆ ತಪ್ಪಿದೆ ಎಂದು ಆ ಅಳತೆಗಳನ್ನು ಬದಿಗಿಟ್ಟಿದ್ದೇನೆ.

ತೆಳು ಛೇದ

ಬದಿಗಿಟ್ಟದ್ದನ್ನು ವಾಪಸು ತೆಗೆದುಕೊಳ್ಳಿ, ಅದು ಚಿನ್ನ. ಮೈಕ್ರೋಪ್ರೋಬ್ ಜಲಜನಕವನ್ನು ಅಳೆಯಲಾರದು. ಖನಿಜದ ಒಳಗೆ ನೀರಿದ್ದರೆ ಅದರ ಪಾಲು ಮೊತ್ತದಲ್ಲಿ ಕಾಣೆಯಾಗುತ್ತದೆ. 87.4 ಎಂದರೆ 12ರಷ್ಟು ನೀರು: ಕ್ಲೋರೈಟ್. 97.6 ಎಂದರೆ 2ರಷ್ಟು ನೀರು: ಆ್ಯಂಫಿಬೋಲ್, ಇಲ್ಲಿ ಆ್ಯಕ್ಟಿನೋಲೈಟ್ ಇರಬೇಕು. ಪಿಸ್ತಾ ಬಣ್ಣದ್ದು ಎಪಿಡೋಟ್. ಮಸುಕಾದ ಪ್ಲೇಜಿಯೋಕ್ಲೇಸಿನ ಬಿಂದು ಅಳೆದರೆ ಬಹುತೇಕ ಅಪ್ಪಟ ಆಲ್ಬೈಟ್ (ಸೋಡಿಯಂ ಬಗೆಯ ಪ್ಲೇಜಿಯೋಕ್ಲೇಸ್) ಸಿಗುತ್ತದೆ ಎಂದು ಪಂಥ ಕಟ್ಟುತ್ತೇನೆ. ಮೂಲದಲ್ಲಿ ಅದು ಕ್ಯಾಲ್ಸಿಯಂ ಸಮೃದ್ಧವಾದ ಲ್ಯಾಬ್ರಡೊರೈಟ್ ಆಗಿದ್ದಿರಬೇಕು. ಅದರ ಕ್ಯಾಲ್ಸಿಯಂ ಹೊರಬಂದು ಎಪಿಡೋಟಿಗೆ ಹೋಗಿದೆ, ಸೋಡಿಯಂ ಒಳಗೆ ಉಳಿದಿದೆ. ಕಲ್ಲು ಹಸಿರಾಗಿರುವುದಕ್ಕೆ ಕ್ಲೋರೈಟ್, ಆ್ಯಕ್ಟಿನೋಲೈಟ್, ಎಪಿಡೋಟ್ ಈ ಮೂರು ಖನಿಜಗಳೇ ಕಾರಣ. ಹಸಿರುಶಿಲಾ ಪಟ್ಟಿ ಎಂಬ ಹೆಸರು ಬಂದದ್ದೂ ಇದರಿಂದಲೇ.

ಸೂತ್ರ ಲೆಕ್ಕ ಹಾಕುವಾಗ ಆ್ಯಂಫಿಬೋಲಿಗೆ 23 ಆಮ್ಲಜನಕ, ಪೈರಾಕ್ಸೀನಿಗೆ 6 ಆಮ್ಲಜನಕ ಎಂದು ಇಟ್ಟುಕೊಳ್ಳಿ. ಪೈರಾಕ್ಸೀನಿನಲ್ಲಿ ಧನ ಅಯಾನುಗಳ ಮೊತ್ತ 4ಕ್ಕೆ ಬಹಳ ಹತ್ತಿರ ಬರಬೇಕು. 3.95 ಬಂದರೆ ಅಳತೆ ಸರಿಯಿಲ್ಲ, ಅಥವಾ ನೀವು ಅಳೆದದ್ದು ಪೈರಾಕ್ಸೀನ್ ಅಲ್ಲ.

ಒಟ್ಟಿನಲ್ಲಿ ‘ಎ’ ಕಲ್ಲಿನಲ್ಲಿ ಶಿಲಾಪಾಕದಿಂದ ನೇರವಾಗಿ ಹುಟ್ಟಿದ ಸಿಲಿಕೇಟ್ ಖನಿಜ ಒಂದೂ ಉಳಿದಿಲ್ಲ. ಈ ಕ್ಲೋರೈಟ್, ಆ್ಯಕ್ಟಿನೋಲೈಟ್ ಹೇಳುವುದು ರೂಪಾಂತರದ ತಾಪವನ್ನು, ಜ್ವಾಲಾಮುಖಿಯ ಕಥೆಯನ್ನಲ್ಲ. ಅವುಗಳ ರಾಸಾಯನಿಕ ಸೂತ್ರ ಹಿಡಿದು ಶಿಲಾಪಾಕದ ಮೂಲ ಹುಡುಕಿದ ಪ್ರಬಂಧಗಳನ್ನು ನಾನು ಓದಿದ್ದೇನೆ, ಓದಿ ತಲೆ ಚಚ್ಚಿಕೊಂಡಿದ್ದೇನೆ. ಒಂದು ಅಪವಾದವಿದೆ: ಕ್ರೋಮಿಯಂ ಸ್ಪಿನೆಲ್. ಕಪ್ಪು ಚುಕ್ಕೆಯಂತೆ ಕಾಣುವ ಇದು ಸುತ್ತಲ ಆಲಿವೀನ್ ಎಲ್ಲ ಕೊಳೆತರೂ ತನ್ನ ನಡುಭಾಗವನ್ನು ಕಾಪಾಡಿಕೊಂಡಿರುತ್ತದೆ. ಅಂಚು ಮ್ಯಾಗ್ನೆಟೈಟ್ ಆಗಿ ತಿರುಗಿರುತ್ತದೆ, ನಡುವನ್ನು ಮಾತ್ರ ಅಳೆಯಬೇಕು. ಪ್ರತಿಫಲಿತ ಬೆಳಕಿನಲ್ಲಿ ಹುಡುಕಿ ನೋಡಿ. ಈಗ ‘ಬಿ’ಗೆ ಬರೋಣ. ಅದರ ಪೈರಾಕ್ಸೀನ್ ತಾಜಾ ಎಂದಿರಿ. ಹಾಗಿದ್ದರೆ ಟೈಟಾನಿಯಂ, ಕ್ಯಾಲ್ಸಿಯಂ, ಸೋಡಿಯಂ, ಕ್ರೋಮಿಯಂ, ಅಲ್ಯೂಮಿನಿಯಂ ಇವುಗಳ ಪ್ರಮಾಣದಿಂದ ಶಿಲಾಪಾಕದ ಕುಲವನ್ನು ಹೇಳಬಹುದು. ಬಹಳ ಒಳ್ಳೆಯ ಅವಕಾಶ.

ಹಳೆ ಸುತ್ತಿಗೆ

ಒಂದು ನಿಮಿಷ ನಿಲ್ಲಿ. ಒಂದೇ ಊರಿನ ಎರಡು ಕಲ್ಲು, ಒಂದರಲ್ಲಿ ಎಲ್ಲ ಖನಿಜವೂ ಬದಲಾಗಿದೆ, ಇನ್ನೊಂದರಲ್ಲಿ ಪೈರಾಕ್ಸೀನ್ ನೆನ್ನೆ ಹುಟ್ಟಿದಂತಿದೆ. ಪ್ರೋಬಿಗೆ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ. ‘ಬಿ’ ಕಲ್ಲು ನೆಲಕ್ಕೆ ಅಂಟಿಕೊಂಡಿತ್ತೇ ಅಥವಾ ಬಿಡಿಯಾಗಿ ಬಿದ್ದಿತ್ತೇ? ಪದರ ಸೀಳು ಇದೆಯೇ? ಪ್ಲೇಜಿಯೋಕ್ಲೇಸ್ ಕಡ್ಡಿಗಳು ಪೈರಾಕ್ಸೀನಿನ ಒಳಗೆ ಹುದುಗಿವೆಯೇ? ಹರಳಿನ ಗಾತ್ರ ಎಷ್ಟು?

ಭೀಮಸಮುದ್ರ

ಬಿಡಿಗಲ್ಲು ಸರ್, ಹೊಲದ ಬದುವಿನಲ್ಲಿ ಒಟ್ಟಿದ್ದರು. ಸೀಳು ಇಲ್ಲ. ಹರಳುಗಳು ಬರಿಗಣ್ಣಿಗೆ ಕಾಣುತ್ತವೆ, ಒಂದೆರಡು ಮಿಲಿಮೀಟರ್. ಪ್ಲೇಜಿಯೋಕ್ಲೇಸ್ ಕಡ್ಡಿಗಳು ಪೈರಾಕ್ಸೀನಿನೊಳಗೆ ಚುಚ್ಚಿಕೊಂಡಂತಿವೆ. ಕಲ್ಲು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತಿತ್ತು, ಹಾಗಾಗಿ ಪಿಲ್ಲೋ ಎಂದುಕೊಂಡೆ.

ಐಮಂಗಲ ಕ್ರಾಸ್

ನಾನು ಈ ಭಾಗದವನೇ, ಅಪ್ಪ ಕಲ್ಲು ಒಡೆಯುವ ಕೆಲಸ ಮಾಡಿದವರು, ನಾನು ಸ್ವಲ್ಪ ಕಾಲ ಕ್ರಷರಿಗೆ ಲಾರಿ ಓಡಿಸಿದವನು. ತಂಗೀ, ನೀವು ಹೇಳುವ ಕರಿಗುಂಡುಗಳು ನಮಗೆ ಚೆನ್ನಾಗಿ ಗೊತ್ತು. ಅವು ಹೊಲದಲ್ಲಿ ಎಲ್ಲೆಂದರಲ್ಲಿ ಇರುವುದಿಲ್ಲ. ಒಂದು ಸಾಲು ಹಿಡಿದು, ಮೂಡಲಿಂದ ಪಡುವಲಕ್ಕೆ, ಹೊಲದಿಂದ ಹೊಲಕ್ಕೆ ಗೆರೆ ಎಳೆದಂತೆ ಹೋಗುತ್ತವೆ. ಹಸಿರುಕಲ್ಲಿನ ಸಾಲು ಬೇರೆ, ಅದು ಬಡಗಣಕ್ಕೆ ಓಡುತ್ತದೆ. ಕರಿಕಲ್ಲು ಸುತ್ತಿಗೆಗೆ ಟಣ್ ಎನ್ನುತ್ತದೆ, ಹಸಿರುಕಲ್ಲು ಮೊದ್ದಾಗಿ ಕೇಳಿಸುತ್ತದೆ. ಉಳುಮೆಗೆ ಅಡ್ಡ ಬಂದ ಗುಂಡುಗಳನ್ನು ಬದುವಿಗೆ ಒಟ್ಟುವುದು ಎಲ್ಲರೂ ಮಾಡುವ ಕೆಲಸ.

ಹಳೆ ಸುತ್ತಿಗೆ

ಐಮಂಗಲದವರೇ, ಕೈ ಕೊಡಿ. ಇಷ್ಟನ್ನು ಹೇಳಲು ನಮ್ಮವರು ಒಂದು ಋತುವಿನ ಕ್ಷೇತ್ರಕಾರ್ಯ ಕೇಳುತ್ತಾರೆ.

ಅದು ಡೈಕ್, ಡಾಲರೈಟ್ ಡೈಕ್. ಹಳೆಯ ಶಿಲೆಗಳೆಲ್ಲ ಮಡಿಕೆ ಬಿದ್ದು, ಹಸಿರಾಗಿ, ತಣ್ಣಗಾದ ಮೇಲೆ ಅವುಗಳನ್ನು ಅಡ್ಡಡ್ಡ ಸೀಳಿಕೊಂಡು ನೆಟ್ಟಗೆ ನುಗ್ಗಿದ ಶಿಲಾಪಾಕ. ಆದ್ದರಿಂದಲೇ ಅದರ ಪೈರಾಕ್ಸೀನ್ ಕೆಟ್ಟಿಲ್ಲ, ಆದ್ದರಿಂದಲೇ ಸೀಳಿಲ್ಲ. ಪ್ಲೇಜಿಯೋಕ್ಲೇಸ್ ಪೈರಾಕ್ಸೀನಿನಲ್ಲಿ ಹುದುಗಿರುವ ಆಫಿಟಿಕ್ ರಚನೆ ಡಾಲರೈಟಿನ ಗುರುತಿನ ಚೀಟಿ. ಧಾರವಾಡ ಕ್ರೇಟಾನಿನಲ್ಲಿ (ನಮ್ಮ ಭಾಗವೂ ಸೇರಿರುವ ಪುರಾತನ ಭೂಖಂಡದ ತುಂಡು) ಪೂರ್ವ-ಪಶ್ಚಿಮ ಹಾಯುವ ದೊಡ್ಡ ಡೈಕ್ ಸಮೂಹವೊಂದಕ್ಕೆ ಸುಮಾರು 237 ಕೋಟಿ ವರ್ಷದ ವಯಸ್ಸು ಸಿಕ್ಕಿದೆ. ನಿನ್ನ ಡೈಕ್ ಅದೇ ಸಮೂಹದ್ದು ಎಂದು ವಯಸ್ಸು ಅಳೆಯದೆ ಹೇಳಬಾರದು. ಆದರೆ ಪಿಲ್ಲೋ ಲಾವಾಕ್ಕಿಂತ ಬಹಳ ಕಿರಿಯದು ಎಂಬುದರಲ್ಲಿ ಅನುಮಾನವಿಲ್ಲ. ‘ಎ’ ಮತ್ತು ‘ಬಿ’ಯನ್ನು ಒಂದೇ ನಕ್ಷೆಯಲ್ಲಿ ಹಾಕಿ ಗೆರೆ ಎಳೆದಿದ್ದರೆ ಕೋಟ್ಯಂತರ ವರ್ಷ ಅಂತರವಿರುವ ಎರಡು ಶಿಲಾಪಾಕಗಳಿಗೆ ತಾಯಿ-ಮಗಳ ಸಂಬಂಧ ಕಟ್ಟಿದಂತಾಗುತ್ತಿತ್ತು.

ಈರುಳ್ಳಿ ಸಿಪ್ಪೆಯ ವಿಷಯ. ಡಾಲರೈಟಿನಲ್ಲಿ ಬಿರುಕುಗಳು ಅದನ್ನು ಚೌಕ ಚೌಕವಾಗಿ ಕತ್ತರಿಸಿರುತ್ತವೆ. ನೀರು ಮೂಲೆಗಳನ್ನು ಬೇಗ ತಿನ್ನುತ್ತದೆ, ಚೌಕ ಗುಂಡಾಗುತ್ತದೆ. ಇದು ಶಿಥಿಲೀಕರಣ, ಲಾವಾದ ಆಕಾರವಲ್ಲ. ಪಿಲ್ಲೋ ಬೇರೆ. ನೀರಿನೊಳಗೆ ಲಾವಾ ಬಾಯಿ ತೆರೆದಾಗ ಹೊರಮೈ ಕ್ಷಣದಲ್ಲಿ ಗಾಜಾಗುತ್ತದೆ, ಒಳಗಿನ ದ್ರವ ಅದನ್ನು ಸೀಳಿ ಇನ್ನೊಂದು ಉಂಡೆಯಾಗಿ ಹೊರಬರುತ್ತದೆ. ಅದಕ್ಕೆ ಅಂಚಿನಲ್ಲಿ ಸಣ್ಣ ಹರಳಿನ, ಬಣ್ಣ ಬೇರೆಯಾದ ಪಟ್ಟಿ ಇರುತ್ತದೆ, ಒಳಗೆ ಕೇಂದ್ರದಿಂದ ಹೊರಟಂಥ ಬಿರುಕುಗಳು, ಅನಿಲದ ಗುಳ್ಳೆಗಳ ಜಾಗದಲ್ಲಿ ಬೆಣಚು ಅಥವಾ ಕ್ಯಾಲ್ಸೈಟ್ ತುಂಬಿದ ಚುಕ್ಕೆಗಳು. ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ಕೆಳಗಿನ ಎರಡು ಉಂಡೆಗಳ ಸಂದಿಗೆ ಬಾಲದಂತೆ ಇಳಿದಿರುತ್ತದೆ. ಆ ಬಾಲ ನೋಡಿಯೇ ಅಂದು ಸಮುದ್ರದ ತಳ ಯಾವ ಕಡೆಗಿತ್ತು ಎಂದು ಹೇಳುತ್ತೇವೆ, ಪದರಗಳು ಇಂದು ಗೋಡೆಯಂತೆ ನಿಂತಿದ್ದರೂ ಸಹ. ಮರಡಿಹಳ್ಳಿಯಲ್ಲಿ ಇದೆಲ್ಲ ಸುತ್ತಿಗೆಯಿಲ್ಲದೆ ಬರಿಗಣ್ಣಿನಲ್ಲೇ ಕಲಿಯಬಹುದು.

ಜೋಗಿಮಟ್ಟಿ ಗಾಳಿ

ಜ್ವಾಲಾಮುಖಿಯ ಬಾಯಿ ಬಿಟ್ಟುಕೊಡುತ್ತೇನೆ, ಆದರೆ ಇಂಗಳದಾಳಿನ ತಾಮ್ರದ ಗಣಿ? ಅದಕ್ಕೂ ಲಾವಾಕ್ಕೂ ಸಂಬಂಧವಿಲ್ಲವೇ?

ಹಳೆ ಸುತ್ತಿಗೆ

ಇದೆ, ಆಪ್ತ ಸಂಬಂಧವೇ ಇದೆ. ಇಂಗಳದಾಳು ಲಾವಾಶ್ರೇಣಿ ಎಂದೇ ನಮ್ಮ ನಕ್ಷೆಗಳಲ್ಲಿ ಹೆಸರಿದೆ. ಸಮುದ್ರದ ನೀರು ಬಿಸಿ ಬಸಾಲ್ಟಿನೊಳಗೆ ಇಳಿದು, ಅದರ ತಾಮ್ರ ಕಬ್ಬಿಣಗಳನ್ನು ಕರಗಿಸಿಕೊಂಡು, ಮತ್ತೆ ತಳದ ಹತ್ತಿರ ತಣ್ಣಗಾದಾಗ ಗಂಧಕದ ಜೊತೆ ಕೂಡಿ ಚಾಲ್ಕೊಪೈರೈಟ್ ಎಂಬ ತಾಮ್ರದ ಅದಿರಾಗಿ ಕೂರುತ್ತದೆ. ಮೇಲೆ ಪೊಟ್ಯಾಷ್ ಕಿತ್ತು ಸೋಡಾ ಕೊಡುವ ಬಿಸಿನೀರು ಎಂದೆನಲ್ಲ, ಅದೇ ಕೈ ತಾಮ್ರವನ್ನೂ ಸಾಗಿಸಿದೆ.

ತೆಳು ಛೇದ

‘ಬಿ’ ಡೈಕ್ ಎಂಬುದಕ್ಕೆ ನನ್ನದೂ ಒಪ್ಪಿಗೆ. ಆದರೂ ಅದರ ಪೈರಾಕ್ಸೀನನ್ನು ಅಳೆಯಿರಿ, ಬೇರೆ ಅಧ್ಯಾಯವಾಗಿ. ನಡುವಿನಿಂದ ಅಂಚಿಗೆ ಸಾಲಾಗಿ ಬಿಂದುಗಳನ್ನು ತೆಗೆದುಕೊಂಡರೆ ಮೆಗ್ನೀಷಿಯಂ ಇಳಿಯುತ್ತಾ ಕಬ್ಬಿಣ, ಟೈಟಾನಿಯಂ ಏರುತ್ತಾ ಹೋಗುವುದನ್ನು ನೀವೇ ನೋಡುತ್ತೀರಿ. ಸುತ್ತಲ ದ್ರವ ಬದಲಾದಂತೆಲ್ಲ ಹರಳು ಅದನ್ನು ತನ್ನ ಮೈಯಲ್ಲೇ ಬರೆದಿಟ್ಟುಕೊಂಡಿದೆ. ಕಿರಣದ ಅಗಲ ಒಂದೆರಡು ಮೈಕ್ರಾನ್, ತೆಳುಛೇದದ ದಪ್ಪ 30 ಮೈಕ್ರಾನ್. ಅಷ್ಟರಲ್ಲೇ ಅಷ್ಟೂ ಸಿಗುತ್ತದೆ.

ಈಗ ‘ಎ’ ಕಲ್ಲಿನ ಶಿಲಾಪಾಕದ ಮೂಲ. ಚಿತ್ರದುರ್ಗ ಪಟ್ಟಿಯ ಹಲವು ಬಸಾಲ್ಟುಗಳಲ್ಲಿ ಥೋರಿಯಂ, ಲ್ಯಾಂಥನಂಗಳಿಗೆ ಹೋಲಿಸಿದರೆ ನಿಯೋಬಿಯಂ ತಗ್ಗಿದೆ. ಇಂದಿನ ಜಪಾನ್, ಇಂಡೋನೇಷ್ಯಾಗಳಂಥ ದ್ವೀಪಸರಣಿಗಳಲ್ಲಿ, ಸಾಗರಫಲಕ ಕೆಳಗೆ ಇಳಿಯುವಲ್ಲಿ ಸಿಗುವ ಲಾವಾದ ಗುರುತು ಇದೇ. ಹಾಗಾಗಿ ಅಂದೂ ಫಲಕಚಲನೆ ನಡೆದಿತ್ತು ಎಂಬ ಕಡೆಗೆ ನಾನು ವಾಲುತ್ತೇನೆ.

ಹಳೆ ಸುತ್ತಿಗೆ

ನೀವು ವಾಲಿ, ನಾನು ನೆಟ್ಟಗೆ ನಿಲ್ಲುತ್ತೇನೆ. ಆಳದಿಂದ ಎದ್ದ ಬಿಸಿ ಕಂಬದ ಬಸಾಲ್ಟ್ ಮೇಲೆ ಬರುವಾಗ ಹಳೆಯ ಗ್ನೈಸನ್ನು (ಖಂಡದ ತಳದ ಪಟ್ಟೆಪಟ್ಟೆಯ ರೂಪಾಂತರ ಶಿಲೆ) ಒಂದಿಷ್ಟು ಕರಗಿಸಿ ನುಂಗಿದರೂ ಇದೇ ಗುರುತು ಬರುತ್ತದೆ. ನಮ್ಮ ಕೆಳಗೆ 300 ಕೋಟಿ ವರ್ಷ ದಾಟಿದ ಗ್ನೈಸ್ ಹಾಸಿದೆ, ಅದರಲ್ಲಿ ಥೋರಿಯಂ ಹೆಚ್ಚು, ನಿಯೋಬಿಯಂ ಕಡಿಮೆ. ವಾಣಿವಿಲಾಸ ಸಾಗರದ ಸುತ್ತ ನೋಡಿ, ಅದೇ ಪಟ್ಟಿಯ ಕೆಳಪದರಗಳಲ್ಲಿ ಸುಣ್ಣಕಲ್ಲು, ಮ್ಯಾಂಗನೀಸ್ ಇವೆ. ಅವು ಖಂಡದ ಅಂಚಿನ ಆಳವಿಲ್ಲದ ಕಡಲಿನ ಸರಕು. ಖಂಡದ ಮೇಲೆಯೇ ಬಿರುಕು ಬಿಟ್ಟು ಲಾವಾ ಬಂದಿದ್ದರೆ ಗ್ನೈಸನ್ನು ಮುಟ್ಟದೆ ಬರುವುದು ಹೇಗೆ?

ತೆಳು ಛೇದ

ಅದಕ್ಕೇ ನಿಯೋಡಿಮಿಯಂ ಐಸೋಟೋಪು ಬೇಕು. ಗ್ನೈಸನ್ನು ನುಂಗಿದ್ದರೆ ನಿಯೋಬಿಯಂ ತಗ್ಗಿದಂತೆಲ್ಲ ಐಸೋಟೋಪ್ ಮೌಲ್ಯವೂ ಸಿಲಿಕಾವೂ ಒಟ್ಟಿಗೆ ಕದಲಬೇಕು. ನಿಯೋಬಿಯಂ ಒಂದೇ ತಗ್ಗಿ ಉಳಿದವು ಅಲ್ಲೇ ಇದ್ದರೆ ನಿಮ್ಮ ವಾದ ನಿಲ್ಲುವುದಿಲ್ಲ. ಮತ್ತೆ, ಪಟ್ಟಿ ಗದಗದಿಂದ ಶ್ರೀರಂಗಪಟ್ಟಣದವರೆಗೆ 400 ಕಿಲೋಮೀಟರಿಗೂ ಉದ್ದವಿದೆ. ಅದರ ಎಲ್ಲ ಲಾವಾಕ್ಕೂ ಒಂದೇ ಹುಟ್ಟು ಎಂದು ಇಬ್ಬರೂ ಹಟ ಹಿಡಿಯುವುದು ಬೇಡ. ದಾವಣಗೆರೆ ಜಿಲ್ಲೆಯ ದಾಗಿನಕಟ್ಟೆಯ ಲಾವಾ ಶಿವಮೊಗ್ಗ ಪಟ್ಟಿಯದು, ಸಿಲಿಕಾ ಹೆಚ್ಚಿರುವ ರಯೋಲೈಟ್, ಡೇಸೈಟ್ ಬಗೆಯದು. ಅದರ ಜಿರ್ಕಾನ್ ಹರಳುಗಳು ಸುಮಾರು 260 ಕೋಟಿ ವರ್ಷ ಹೇಳುತ್ತವೆ. ಅಂದರೆ ಈ ಭಾಗದಲ್ಲಿ ಲಾವಾ ಒಮ್ಮೆ ಉಕ್ಕಿ ನಿಂತದ್ದಲ್ಲ, ಬಿಟ್ಟು ಬಿಟ್ಟು ಹತ್ತು ಕೋಟಿ ವರ್ಷಕ್ಕೂ ಮಿಕ್ಕಿ ನಡೆದಿದೆ.

ಬಾತಿ ಗುಡ್ಡ

ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆಯೇ? ಅಲ್ಲಿ ನಮ್ಮ ಬೀಗರ ತೋಟವಿದೆ. ಅಡಿಕೆ ಬಿಟ್ಟು ಬೇರೇನನ್ನೂ ಅವರು ಈವರೆಗೆ ಹೇಳಿರಲಿಲ್ಲ!

ಜೋಗಿಮಟ್ಟಿ ಗಾಳಿ

ಹೊಳಲ್ಕೆರೆ ಕಡೆಯ ಘಟ್ಟಿಹೊಸಹಳ್ಳಿಯಲ್ಲಿ ಇದಕ್ಕೂ ಹಳೆಯ ಲಾವಾ ಇದೆ ಎಂದು ಕೇಳಿದ್ದೇನೆ. ನಿಜವೇ? ಚಾರಣದ ಗುಂಪಿಗೆ ಈ ಸಲ ಸರಿಯಾದದ್ದನ್ನೇ ಹೇಳಬೇಕಲ್ಲ.

ತೆಳು ಛೇದ

ನಿಜ, ಅದು ಕೊಮಾಟೈಟ್. ಸರಗೂರು ಸಮೂಹ ಎಂಬ ಇನ್ನೂ ಹಳೆಯ ಶಿಲಾಶ್ರೇಣಿಯದು, 300 ಕೋಟಿ ವರ್ಷಕ್ಕೂ ಹಳೆಯದು. 1969ರಲ್ಲಿ ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯ ಬಳಿ ವಿಲ್ಯೋನ್ ಸಹೋದರರು ಮೊದಲು ಗುರುತಿಸಿದ ಲಾವಾ. ಅದರಲ್ಲಿ ಮೆಗ್ನೀಷಿಯಾ 18 ಶೇಕಡಾಕ್ಕೂ ಹೆಚ್ಚು. ಇಂದಿನ ಬಸಾಲ್ಟ್ ಹೊರಬರುವುದು ಸುಮಾರು 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕೊಮಾಟೈಟಿಗೆ 1,600ರ ಹತ್ತಿರ ಬೇಕಿತ್ತು. ಮ್ಯಾಂಟಲಿನ 30ರಿಂದ 50 ಶೇಕಡಾ ಕರಗಿದರೆ ಮಾತ್ರ ಇಂಥ ದ್ರವ. ಬೇಗ ತಣಿದಾಗ ಆಲಿವೀನ್ ಉದ್ದುದ್ದ ಗರಿಕೆಯಂತೆ ಬೆಳೆದಿರುತ್ತದೆ, ಅದಕ್ಕೆ ಸ್ಪಿನಿಫೆಕ್ಸ್ ರಚನೆ ಎನ್ನುತ್ತೇವೆ. ಅಲ್ಯೂಮಿನಾ ಮತ್ತು ಟೈಟಾನಿಯಂ ಆಕ್ಸೈಡುಗಳ ಅನುಪಾತ 20ರ ಹತ್ತಿರವಿದ್ದರೆ ಮೂಲದಲ್ಲಿ ಗಾರ್ನೆಟ್ ಉಳಿದಿರಲಿಲ್ಲ. 10ರ ಹತ್ತಿರಕ್ಕೆ ಇಳಿದಿದ್ದರೆ ಬಹಳ ಆಳದಲ್ಲಿ ಗಾರ್ನೆಟ್ ಅಲ್ಯೂಮಿನಾವನ್ನು ಹಿಡಿದಿಟ್ಟುಕೊಂಡಿತ್ತು ಎಂದು ತಿಳಿಯಬೇಕು.

ಐಮಂಗಲ ಕ್ರಾಸ್

ಅಷ್ಟು ಬಿಸಿಯ ಲಾವಾ ಎಂದರೆ ಕಲ್ಲು ಬಹಳ ಗಟ್ಟಿಯಿರಬೇಕಲ್ಲ?

ತೆಳು ಛೇದ

ಅಲ್ಲೇ ತಮಾಷೆ. ಆಲಿವೀನ್ ನೀರು ಕುಡಿದು ಸರ್ಪೆಂಟೈನ್ ಆಗುತ್ತದೆ, ಸರ್ಪೆಂಟೈನ್ ಮುಂದೆ ಟಾಲ್ಕ್ ಆಗುತ್ತದೆ. ಮೆಗ್ನೀಷಿಯಂ ಹೆಚ್ಚಿರುವ ಇಂಥ ಶಿಲೆಗಳು ಬಳಪದ ಕಲ್ಲಾಗಿ ಉಗುರಿಗೇ ಗೀರುವಷ್ಟು ಮೆತ್ತಗಾಗುವುದು ನಮ್ಮ ರಾಜ್ಯದಲ್ಲಿ ಅಪರೂಪವೇನಲ್ಲ.

ಭೀಮಸಮುದ್ರ

ಎಲ್ಲರಿಗೂ ಕೃತಜ್ಞತೆಗಳು. ಈಗ ಮಾಡಬೇಕಾದದ್ದು ಸ್ಪಷ್ಟವಾಯಿತು: ‘ಎ’ ಜೊತೆಗೆ ಅದೇ ಸಾಲಿನ ಇನ್ನಷ್ಟು ಹಸಿರುಕಲ್ಲು ತೆಗೆದು ಥೋರಿಯಂ, ಲ್ಯಾಂಥನಂಗಳನ್ನು ಲೇಶಧಾತು ಅಳೆಯುವ ಯಂತ್ರವಾದ ಐಸಿಪಿ-ಎಂಎಸ್‌ನಲ್ಲಿ ಅಳೆಸುತ್ತೇನೆ. ‘ಬಿ’ ಡೈಕನ್ನು ಬೇರೆ ಅಧ್ಯಾಯ ಮಾಡುತ್ತೇನೆ. ಐಮಂಗಲದ ಅಣ್ಣಾ, ಆ ಕರಿಗುಂಡಿನ ಸಾಲು ಯಾವ ಯಾವ ಹೊಲ ಹಾಯುತ್ತದೆ ಎಂದು ತೋರಿಸುವಿರಾ? ಡೈಕಿನ ಅಂಚು ಹಸಿರುಕಲ್ಲಿಗೆ ತಾಗುವ ಜಾಗ ಬೇಕು.

ಐಮಂಗಲ ಕ್ರಾಸ್

ಬನ್ನಿ ತಂಗೀ, ಆದರೆ ಈರುಳ್ಳಿ ಕಿತ್ತು ಮುಗಿದ ಮೇಲೆ. ಈಗ ಹೊಲ ತುಳಿದರೆ ಯಾರೂ ಸುಮ್ಮನಿರುವುದಿಲ್ಲ. ಹಳ್ಳದ ದಂಡೆಯಲ್ಲಿ ಒಂದು ಕಡೆ ಕರಿಕಲ್ಲು ಹಸಿರುಕಲ್ಲಿಗೆ ಅಂಟಿಕೊಂಡೇ ಇದೆ, ನಾನು ನೋಡಿದ್ದೇನೆ.

ಹಳೆ ಸುತ್ತಿಗೆ

ಆ ಅಂಚಿನಿಂದ ಡೈಕಿನ ನಡುವಿನವರೆಗೆ ಅಡ್ಡಲಾಗಿ, ಅಳತೆ ಟೇಪು ಹಿಡಿದು ತುಣುಕುಗಳನ್ನು ತೆಗೆ. ಅಂಚಿನ ಬೇಗ ತಣಿದ ಸಣ್ಣ ಹರಳಿನ ಕಲ್ಲು ನುಗ್ಗಿದ ದ್ರವಕ್ಕೆ ಅತ್ಯಂತ ಹತ್ತಿರದ್ದು, ನಡುವಿನದರಲ್ಲಿ ಹರಳುಗಳು ರಾಶಿಯಾಗಿರಬಹುದು. ಪ್ರತಿ ತುಣುಕಿನ ಮೇಲೂ ಮಾರ್ಕರಿನಲ್ಲಿ ಸಂಖ್ಯೆ ಬರೆ, ಚೀಲದ ಮೇಲಲ್ಲ, ಕಲ್ಲಿನ ಮೇಲೆ. ತುಕ್ಕು ಬಣ್ಣದ ಹೊರಸಿಪ್ಪೆಯನ್ನೆಲ್ಲ ಅಲ್ಲೇ ಒಡೆದು ಬಿಸಾಡು. ಪುಡಿ ಮಾಡುವಾಗ ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆ ಬೇಡ, ಅದರಿಂದ ಕೋಬಾಲ್ಟ್, ಟ್ಯಾಂಟಲಂ ಬೆರೆಯುತ್ತವೆ, ನಿಯೋಬಿಯಂ ಮೇಲೂ ಅನುಮಾನ ಬರುತ್ತದೆ. ಅಗೇಟ್ ಪಾತ್ರೆ ಕೇಳಿ ಪಡೆ.